ಕಾಣದ ಗೆರೆ

ಕಳೆದ ತಿಂಗಳು ಇಂಟರ್‌ವ್ಯೂಗೆ ಬಂದ ಹುಡುಗನೊಬ್ಬನ ಫಾರ್ಮ್‌ನಲ್ಲಿ ‘ಬೇಸಿಕ್ಸ್ ಇಲ್ಲ’ ಅಂತ ಬರೆದೆ. ನಲವತ್ತೈದು ನಿಮಿಷದಲ್ಲಿ ಅವನು ಬಾಯಿ ಬಿಟ್ಟಿದ್ದೇ ಕಮ್ಮಿ. ಗೊತ್ತಿದ್ರೆ ಹೇಳ್ತಿದ್ದ, ಅಲ್ವಾ?

ಅದೇ ವಾರ ಬಿಸಿ ನಕ್ಷತ್ರಗಳ ಬಗ್ಗೆ ಓದುತ್ತಿದ್ದೆ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಸಿಗುವ ರೋಹಿತದಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಒಂದೊಂದು ಧಾತುವಿಗೂ ತನ್ನದೇ ಗೆರೆಗಳು. ಸುಮಾರು 10,000 ಕೆಲ್ವಿನ್ ಉಷ್ಣತೆಯ ಲುಬ್ಧಕದಲ್ಲಿ ಜಲಜನಕದ ಗೆರೆಗಳು ದಟ್ಟವಾಗಿವೆ. 30,000 ದಾಟಿದ ‘ಓ’ ವರ್ಗದ ನಕ್ಷತ್ರಗಳಲ್ಲಿ ಅವೇ ಗೆರೆಗಳು ಮಂಕು. ಅಲ್ಲೇನು ಜಲಜನಕ ಕಮ್ಮಿಯಾ? ಅಲ್ಲ. ಗೆರೆ ಮೂಡಬೇಕಾದರೆ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರಬೇಕು. ಆ ಬೇಗೆಗೆ ಅದು ಕಳಚಿ ಹೋಗಿರುತ್ತದೆ. ಎಷ್ಟು ಬಿಸಿಗೆ ಎಷ್ಟು ಕಳಚುತ್ತದೆ ಅನ್ನುವ ಲೆಕ್ಕವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಹಾ.

ಹಾಗಂತ ಸುಮ್ಮನಿದ್ದವರೆಲ್ಲ ಪಂಡಿತರು ಅನ್ನೋಕಾಗುತ್ತಾ? ಖಗೋಳ ವಿಜ್ಞಾನಿಗಳೂ ಹಾಗೆ ಕರುಣೆ ತೋರಿಸುವುದಿಲ್ಲ. ಅವರು ಬೇರೆ ಗೆರೆ ಹುಡುಕುತ್ತಾರೆ. ಬಣ್ಣ ನಂಬುವಂತಿಲ್ಲ, 30,000ವೂ 40,000ವೂ ಕಣ್ಣಿಗೆ ಒಂದೇ ನೀಲಿ-ಬಿಳಿ. ಆದರೆ ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂನ ಗೆರೆಯನ್ನು ಮಾಮೂಲಿ ಹೀಲಿಯಂನ ಗೆರೆ ಜೊತೆ ಹೋಲಿಸಿದರೆ ಉಷ್ಣತೆ ಸಿಗುತ್ತದೆ. ಮೇಲ್ಮೈಯ ಗುರುತ್ವ ಹೆಚ್ಚಿದ್ದರೆ ಒತ್ತಡವೂ ಹೆಚ್ಚು, ಜಲಜನಕದ ಗೆರೆ ಅಗಲವಾಗುತ್ತದೆ. ಒಂದರ ಅಂದಾಜು ಬದಲಾದರೆ ಇನ್ನೊಂದನ್ನೂ ಮತ್ತೆ ನೋಡಬೇಕು. ಎರಡೂ ಹೊಂದುವವರೆಗೆ ತೀರ್ಪಿಲ್ಲ. ಯಾವ ಧಾತು ಎಷ್ಟಿದೆ ಅನ್ನುವ ಮಾತು ಆಮೇಲೆ.

ನಾನು ಮಾಡಿದ್ದು ಇದರ ಉಲ್ಟಾ. ಹುಡುಗ ಎಂಥ ಬೇಗೆಯಲ್ಲಿ ಕೂತಿದ್ದ ಅಂತ ಕೇಳಿಕೊಳ್ಳಲೇ ಇಲ್ಲ. ಊರಿನ ಕನ್ನಡ ಮೀಡಿಯಂ ಸ್ಕೂಲಿಂದ ಬಂದ ನನಗೇ ಮೊದಲ ಇಂಟರ್‌ವ್ಯೂನಲ್ಲಿ ಗೊತ್ತಿದ್ದ ಉತ್ತರವೂ ಇಂಗ್ಲಿಷ್‌ನಲ್ಲಿ ಹೊರಟಿರಲಿಲ್ಲ. ಅದನ್ನೂ ಮರೆತಿದ್ದೆ.

ಅವನು ಮೊದಲೇ ಕಳಿಸಿದ್ದ ಕೋಡ್ ನನ್ನ ಮೇಲ್‌ನಲ್ಲೇ ಇತ್ತು. ತೆರೆದಿರಲಿಲ್ಲ. ಆ ರಾತ್ರಿ ತೆರೆದೆ. ಅಚ್ಚುಕಟ್ಟಾಗಿತ್ತು. ನಾನು ಕೇಳಿದ್ದ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಅದರಲ್ಲೇ ಇತ್ತು.

ಬೆಳಿಗ್ಗೆ ಎಚ್‌ಆರ್‌ಗೆ ಫೋನ್ ಮಾಡಿದೆ. ಆ ಜಾಗಕ್ಕೆ ಬೇರೆಯವರು ಆಗಿದ್ದರು. ಹುಡುಗನಿಗೆ ನಾನೇ ಒಂದು ಮೇಲ್ ಬರೆದು, ತಪ್ಪು ನನ್ನದು ಅಂತ ಒಪ್ಪಿಕೊಂಡೆ. ಅದರಿಂದ ಅವನಿಗೆ ಕೆಲಸವೇನೂ ಸಿಗಲಿಲ್ಲ.

ಈಗ ಫಾರ್ಮ್‌ನಲ್ಲಿ ‘ಇಲ್ಲ’ ಅಂತ ಬರೆಯುವ ಮೊದಲು ‘ನನಗೆ ಕಾಣಲಿಲ್ಲ’ ಅಂತ ಬರೀತೀನಿ. ಎಲ್ಲೆಲ್ಲಿ ನೋಡಿದೆ ಅನ್ನೋದನ್ನೂ ಕೆಳಗೆ ಬರೀತೀನಿ.