ಅವಸರವಿಲ್ಲದವರು

ಚೀನಾದ ವು ಸೀಮೆಯ ಪೇಟೆಬೀದಿಗೆ ಒಬ್ಬ ಕನ್ನಡಿ ಉಜ್ಜುವವನು ಬರುತ್ತಿದ್ದ. ಆಗಿನ ಕನ್ನಡಿ ಕಂಚಿನದು, ಬಳಸುತ್ತ ಬಂದಂತೆ ಮಂಕಾಗುವಂಥದ್ದು. ಇವನು ಸಾಮಾನಿನ ಪೆಟ್ಟಿಗೆ ಹೊತ್ತು ಬೀದಿ ಬೀದಿ ಸುತ್ತಿ, ಒಂದು ಕನ್ನಡಿಗೆ ಒಂದು ಕಾಸಿನಂತೆ ಹೊಳಪು ಕೊಡುತ್ತಿದ್ದ. ಎಲ್ಲಿಯವನೋ, ಹೆಸರೇನೋ ಯಾರಿಗೂ ಗೊತ್ತಿಲ್ಲ. ಮಾತಿನ ಧಾಟಿ ಕೇಳಿ ಉತ್ತರದ ಕಡೆಯವನಿರಬೇಕು ಅಂದುಕೊಂಡರು, ಅಷ್ಟೆ. ಕೆಲಸ ಮಾಡಿಸಿಕೊಂಡವರನ್ನು ಅವನು ತಪ್ಪದೆ ಕೇಳುವ ಮಾತೊಂದಿತ್ತು: ಮನೆಯಲ್ಲಿ ಯಾರಿಗಾದರೂ ಕಾಯಿಲೆ ಕಸಾಲೆ ಇದೆಯೇ? ಇದೆ ಅಂದರೆ ನೇರಳೆ ಬಣ್ಣದ ಗುಳಿಗೆ ತೆಗೆದುಕೊಡುವನು. ಹೀಗೆ ಹತ್ತಾರು ವರ್ಷ ಕಳೆದವು. ಒಮ್ಮೆ ಊರಿಗೆ ಪಿಡುಗು ಬಡಿದಾಗ ಮನೆಮನೆಗೂ ಹೋಗಿ ಮದ್ದು ಹಂಚಿ, ಸಾವಿರ ಸಾವಿರ ಜನರನ್ನು ಉಳಿಸಿದ. ಒಂದು ಕಾಸನ್ನೂ ಮುಟ್ಟಲಿಲ್ಲ. ಇಷ್ಟು ದಿನ ತಮ್ಮ ಬಾಗಿಲಲ್ಲಿ ಕೂತು ಕನ್ನಡಿ ತಿಕ್ಕುತ್ತಿದ್ದವನು ಸಾವನ್ನು ಗೆದ್ದವನು ಎಂದು ಊರಿಗೆ ತಿಳಿದದ್ದು ಆಮೇಲೆ.

ಈ ಕಥೆ ಇರುವುದು ‘ಲಿಯೆ ಷಿಯಾನ್ ಜ್ವಾನ್’ ಎಂಬ ಹಳೆಯ ಪುಸ್ತಕದಲ್ಲಿ. ದಾವ್ ಪಂಥದ ಸುಮಾರು 70 ಅಮರರ ಚರಿತ್ರೆಗಳು ಅದರಲ್ಲಿವೆ. ಒಂದೊಂದೂ ಕೆಲವೇ ಸಾಲು. ಬರೆದವನು ಕ್ರಿಸ್ತಪೂರ್ವ 1ನೇ ಶತಮಾನದ ಹಾನ್ ಆಸ್ಥಾನದ ವಿದ್ವಾಂಸ ಲಿಯು ಷಿಯಾಂಗ್ ಎಂಬುದು ಪರಂಪರೆಯ ಮಾತು. ಇಂದಿನ ಅನೇಕ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಕೊಕ್ಕರೆ ಏರಿ ಹೋದ ರಾಜಕುಮಾರ, ಮಳೆಯ ಒಡೆಯ, ಮೀನಿನ ಮೇಲೆ ಸವಾರಿ ಮಾಡಿದವನು ಎಲ್ಲರೂ ಅಲ್ಲಿದ್ದಾರೆ. ಆದರೆ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಪೇಟೆಯ ಜನರ ಮುಂದೆ. ಹತ್ತಾರು ವರ್ಷ ಹರಿದ ಜೋಡು ಹೊಲಿಯುತ್ತ ಯಾರ ಕಣ್ಣಿಗೂ ಬೀಳದೆ ಕೂತಿದ್ದವನೊಬ್ಬ. ಮರದ ಕುರಿ ಕೆತ್ತಿ ಮಾರುತ್ತಿದ್ದವನು ಇನ್ನೊಬ್ಬ. ಲುವೊಯಾಂಗಿನ ಝು ಎಂಬ ಮುದುಕನಂತೂ ನೂರು ವರ್ಷಕ್ಕೂ ಮಿಕ್ಕಿ ಕೋಳಿ ಸಾಕಿದ. ಸಾವಿರಕ್ಕೂ ಹೆಚ್ಚು ಕೋಳಿಗಳು, ರಾತ್ರಿ ಮರದ ಮೇಲೆ, ಹಗಲು ಬಯಲಲ್ಲಿ. ಅಷ್ಟಕ್ಕೂ ಹೆಸರಿಟ್ಟಿದ್ದ. ಯಾವುದರ ಹೆಸರು ಹಿಡಿದು ಕೂಗಿದರೆ ಅದೇ ಓಡಿ ಬರುತ್ತಿತ್ತು. ಕೋಳಿ, ಮೊಟ್ಟೆ ಮಾರಿ ಕೋಟಿಗೂ ಮೀರಿದ ಕಾಸು ಸೇರಿದಾಗ ಗಂಟನ್ನು ಅಲ್ಲೇ ಬಿಟ್ಟು ಹೊರಟುಹೋದ.

ಕೋಳಿ ಸಾಕುವವರಿಗೆ ಗೊತ್ತು, ಹತ್ತು ಕೋಳಿಯನ್ನು ಗುರುತಿಟ್ಟುಕೊಳ್ಳುವುದೇ ಕಷ್ಟ. ಸಾವಿರಕ್ಕೆ ಹೆಸರಿಡಬೇಕಾದರೆ ಎಷ್ಟು ಹೊತ್ತು ನೋಡುತ್ತ ನಿಂತಿರಬೇಕು! ಮುಗಿಯದ ಆಯುಷ್ಯ ಸಿಕ್ಕವನು ಆ ಹೊತ್ತನ್ನು ಯಾರಿಗೆ ಕೊಟ್ಟ ಎಂಬುದೇ ಈ ಕಥೆಗಳ ಜೀವಾಳ ಎಂದು ನನಗನ್ನಿಸುತ್ತದೆ. ಕನ್ನಡಿಯವನಿಗೆ ಅವಸರವಿರಲಿಲ್ಲ, ಹಾಗಾಗಿ ಪ್ರತಿ ಬಾಗಿಲಲ್ಲೂ ನಿಂತು ವಿಚಾರಿಸಿದ.

ಅದೇ ಆಯುಷ್ಯವನ್ನು ಬೇರೆ ರೀತಿ ಬಯಸಿದವರೂ ಇದ್ದರು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಛಿನ್ ಷಿ ಹುವಾಂಗ್, ಅಮರರನ್ನು ಹುಡುಕಿ ಬಾ ಎಂದು ಷು ಫು ಎಂಬವನ ಜೊತೆ ಸಾವಿರಾರು ಹುಡುಗ ಹುಡುಗಿಯರನ್ನು ಕಡಲಿಗೆ ಕಳಿಸಿದ. ತಾನು ಕ್ರಿ.ಪೂ. 210ರಲ್ಲಿ ರಾಜ್ಯ ಸುತ್ತುವಾಗ ದಾರಿಯಲ್ಲೇ ಸತ್ತ. ಲಿಯು ಷಿಯಾಂಗನಿಗೂ ಹರೆಯದಲ್ಲಿ ಈ ಹಂಬಲದ ಬಿಸಿ ತಟ್ಟಿತ್ತು. ಗುಪ್ತ ಗ್ರಂಥ ನೋಡಿ ಚಿನ್ನ ಮಾಡಿಕೊಡುತ್ತೇನೆಂದು ಚಕ್ರವರ್ತಿಗೆ ಹೇಳಿ, ಚಿನ್ನವಾಗದೆ, ಮರಣದಂಡನೆಯ ಬಾಗಿಲವರೆಗೆ ಹೋದ. ಅಣ್ಣ ತನ್ನ ಜಹಗೀರಿನ ಅರ್ಧ ಒಪ್ಪಿಸಿ ಅವನನ್ನು ಬಿಡಿಸಿಕೊಂಡ. ಆ ಅಣ್ಣನ ಹೆಸರು ಯಾವ ಅಮರರ ಪಟ್ಟಿಯಲ್ಲೂ ಇಲ್ಲ. ನನಗೆ ಮಾತ್ರ ಅವನು ಕನ್ನಡಿಯವನ ಪಕ್ಕದಲ್ಲೇ ಕಾಣುತ್ತಾನೆ.

ಈ ಪುಸ್ತಕದಲ್ಲಿ ನಾನು ಒಪ್ಪದ ಕಥೆಯೂ ಇದೆ. ಚಾಂಗ್ಆನ್ ನಗರದ ಸೇತುವೆಯ ಬಳಿ ಒಬ್ಬ ಭಿಕ್ಷುಕ ಹುಡುಗ. ಪೇಟೆಯವರು ಬೇಸತ್ತು ಅವನ ಮೇಲೆ ಹೇಸಿಗೆ ಎರಚಿದರು. ಅಧಿಕಾರಿಗಳು ಬೇಡಿ ಹಾಕಿದರು. ಹುಡುಗ ಹೊರಟುಹೋದ ಮೇಲೆ ಎರಚಿದವರ ಮನೆಗಳು ಕುಸಿದು ಹತ್ತು ಹನ್ನೆರಡು ಮಂದಿ ಸತ್ತರಂತೆ. ಅಂದಿನಿಂದ ಭಿಕ್ಷುಕರಿಗೆ ಒಳ್ಳೆಯ ಮದ್ಯ ಕೊಡಿ ಎಂಬ ಮಾತು ಊರಲ್ಲಿ ಹಬ್ಬಿತು. ಬೇಡಿ ಬಂದವನು ಅಮರನಲ್ಲದೆ ಬರೀ ಹಸಿದ ಹುಡುಗನೇ ಆಗಿದ್ದರೆ? ಅವನ ಮೇಲೆ ಹೇಸಿಗೆ ಎರಚಿದ್ದು ಅಷ್ಟೇ ದೊಡ್ಡ ತಪ್ಪು. ಮನೆ ಬಿದ್ದೀತೆಂಬ ಹೆದರಿಕೆಯಿಂದ ನೀಡಿದ ಕೈ, ಹೆದರಿಕೆ ಹೋದ ದಿನ ಮುದುಡಿಕೊಳ್ಳುತ್ತದೆ.

ಇದಕ್ಕೆ ಹೋಲಿಸಿದರೆ 4ನೇ ಶತಮಾನದ ಗೆ ಹೊಂಗ್ ಬರೆದ ‘ಷೆನ್ ಷಿಯಾನ್ ಜ್ವಾನ್’ ಎಂಬ ಇಂಥದೇ ಪುಸ್ತಕದಲ್ಲಿ ಮನಸ್ಸು ಹೆಚ್ಚು ಹಗುರ. ಅದರಲ್ಲಿ ಬಿಳಿ ಕಲ್ಲು ಬೇಯಿಸಿ ತಿನ್ನುವ ಹಿರಿಯನೊಬ್ಬ ಸ್ವರ್ಗಕ್ಕೇ ಹೋಗಲೊಲ್ಲ. ಮೇಲೆ ದೊಡ್ಡ ದೊಡ್ಡ ದೇವತೆಗಳಿದ್ದಾರೆ, ಅವರ ಊಳಿಗ ಮಾಡುವುದಕ್ಕಿಂತ ಇಲ್ಲಿಯ ಸುಖವೇ ಮೇಲು ಎನ್ನುತ್ತಾನೆ. ಲು ಪರ್ವತದ ವೈದ್ಯ ದೋಂಗ್ ಫೆಂಗ್ ರೋಗಿಗಳಿಂದ ಹಣ ಪಡೆಯುತ್ತಿರಲಿಲ್ಲ. ದೊಡ್ಡ ಕಾಯಿಲೆ ವಾಸಿಯಾದವರು ಐದು ಜರ್ದಾಳು ಗಿಡ ನೆಡಬೇಕು, ಸಣ್ಣದಾದರೆ ಒಂದು. ಗಿಡಗಳು ಲಕ್ಷ ದಾಟಿ ಕಾಡಾದವು. ಹಣ್ಣು ಬೇಕಾದವರು ಅಷ್ಟೇ ಅಳತೆಯ ಧಾನ್ಯ ಸುರಿದು ಒಯ್ಯಬೇಕು. ಆ ಧಾನ್ಯ ಬಡವರಿಗೆ, ದಾರಿಯಲ್ಲಿ ಕೈ ಬರಿದಾದವರಿಗೆ. ಚೀನಾದಲ್ಲಿ ಇಂದಿಗೂ ವೈದ್ಯವೃತ್ತಿಯನ್ನು ಜರ್ದಾಳು ತೋಪು ಎಂದು ಕರೆಯುತ್ತಾರೆ.

ಇವನ್ನೆಲ್ಲ ಬರೆದ ಗೆ ಹೊಂಗ್ ಅಮರತ್ವವನ್ನು ಮನಸಾರೆ ನಂಬಿದ್ದ. ರಸೌಷಧದ ವಿಧಾನ ಕೈಯಲ್ಲಿದ್ದು ಇಪ್ಪತ್ತು ವರ್ಷ ಕಳೆದರೂ ಸಾಮಗ್ರಿ ಕೊಳ್ಳಲು ದುಡ್ಡಿಲ್ಲದೆ ನಿಟ್ಟುಸಿರು ಬಿಡುವಂತಾಯಿತು ಎಂದು ತಾನೇ ಬರೆದುಕೊಂಡಿದ್ದಾನೆ. ಅದೇ ಮನುಷ್ಯ ತುರ್ತು ಚಿಕಿತ್ಸೆಯ ಒಂದು ಕೈಪಿಡಿಯನ್ನೂ ಬರೆದ. ಬಡವರ ಕೈಗೆ ಎಟುಕದ ದುಬಾರಿ ಮದ್ದುಗಳನ್ನು ಆದಷ್ಟು ಬಿಟ್ಟು, ಸುಲಭವಾಗಿ ಸಿಗುವ ಗಿಡಮೂಲಿಕೆಗಳನ್ನೇ ಆರಿಸಿದ. ಚಳಿಜ್ವರಕ್ಕೆ ಅದರಲ್ಲಿರುವ ಒಂದು ಮದ್ದು ಹೀಗಿದೆ: ಒಂದು ಹಿಡಿ ಛಿಂಗ್‌ಹಾವ್ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು. ಕುದಿಸುವ ಮಾತಿಲ್ಲ. ಹದಿನಾರು ಶತಮಾನಗಳ ತರುವಾಯ ತು ಯೂಯೂ ಎಂಬ ವಿಜ್ಞಾನಿ ಈ ಸಾಲು ಓದಿ, ಕುದಿಸಿದರೆ ಸೊಪ್ಪಿನ ಸತ್ವ ಕೆಡುತ್ತಿರಬಹುದೆಂದು ಊಹಿಸಿ, ಕಡಿಮೆ ಶಾಖದಲ್ಲಿ ಸಾರ ತೆಗೆದರು. 1971ರಲ್ಲಿ ಅದು ಫಲಿಸಿತು. ಆರ್ಟಿಮಿಸಿನಿನ್ ಎಂಬ ಆ ಔಷಧ ಲಕ್ಷಾಂತರ ಜನರನ್ನು ಮಲೇರಿಯಾದ ಸಾವಿನಿಂದ ಉಳಿಸಿದೆ. 2015ರಲ್ಲಿ ಅದು ತು ಯೂಯೂ ಅವರಿಗೆ ನೊಬೆಲ್ ಬಹುಮಾನ ತಂದಿತು.