ಉಳವಿಗೆ ಎಷ್ಟು ದೂರ?

ದಾಂಡೇಲಿಯಿಂದ ಉಳವಿಗೆ ಎಷ್ಟು ದೂರ ಎಂದರೆ 50-60 ಕಿಲೋಮೀಟರ್ ಎನ್ನುತ್ತಾರೆ. ಜೋಯಿಡಾ ದಾಟಿದರೆ ಬರೀ ಕಾಡು, ತಿರುವು. ಮಾಘದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯವರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಹಳಿಯಾಳದಲ್ಲೂ ಒಂದು ಹಾಳುಬಿದ್ದ ಕೋಟೆಯಿದೆ. ಅದನ್ನು ನೋಡಲು ಯಾರೂ ಚಕ್ಕಡಿ ಹೂಡುವುದಿಲ್ಲ. ಜನರನ್ನು ಎಳೆದು ತರುವುದು ಊರು ಬಿಟ್ಟು ಬಂದವರ ಕತೆ.

12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತಂತೆ. ಬಿಜ್ಜಳ ಅಪ್ಪಂದಿರಿಬ್ಬರಿಗೂ ಎಳೆಹೂಟೆ ಶಿಕ್ಷೆ ಕೊಟ್ಟ. ಶರಣರು ಚದುರಿದರು. ಚನ್ನಬಸವಣ್ಣನವರು ತಾಯಿ ಅಕ್ಕನಾಗಮ್ಮನೊಂದಿಗೆ ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಈ ಕಾಡು ಸೇರಿದರೆಂಬ ಪ್ರತೀತಿ. ಈಗಿನ ರಸ್ತೆಯಲ್ಲೇ ಅದು 400 ಕಿಲೋಮೀಟರ್ ಮೀರುತ್ತದೆ. ಮಗನಿಗೆ ಗುಡಿ, ತೇರು. ತಾಯಿಯ ಹೆಸರಿಗೆ ಒಂದು ಗವಿ. (ಇರಲಿ, ಅದು ಬೇರೆಯೇ ಜಗಳ.)

ನಮ್ಮ ನೆಂಟರೊಬ್ಬರು ವರ್ಷ ತಪ್ಪದೆ ಉಳವಿಗೆ ಹೋಗುತ್ತಾರೆ. ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದಾಗ ಅವಳ ಪಾಲಿಗೆ ಮನೆಯ ಬಾಗಿಲು ಹಾಕಿದರು. ಅವರ ಭಕ್ತಿ ಸುಳ್ಳೇ? ಹಾಗೆನ್ನಲು ನನಗೆ ಬಾಯಿ ಬಾರದು. ಗವಿಯ ಮುಂದೆ ಅವರ ಕಣ್ಣು ತುಂಬಿದ್ದನ್ನು ಕಂಡಿದ್ದೇನೆ. ಆದರೆ ಯಾವ ಮದುವೆಯ ದೆಸೆಯಿಂದ ಆ ತಾಯಿ ಊರು ಬಿಟ್ಟಳೋ ಅಂಥದೇ ಮದುವೆಯನ್ನು ತಮ್ಮ ಮನೆಯಲ್ಲಿ ಒಲ್ಲೆನ್ನುವವರು ಅಲ್ಲಿ ಕೈಮುಗಿಯುವುದಾದರೂ ಯಾತಕ್ಕೆ? ಎಂಟುನೂರು ವರ್ಷದ ಹಿಂದಿನ ಮದುವೆಗೆ ಕಣ್ಣೀರು ಬರುತ್ತದೆ. ಅಲ್ಲಿ ನಾವು ಬೀಗರಾಗಬೇಕಿಲ್ಲವಲ್ಲ!

ಆ ಹುಡುಗಿ ಈಗ ದಾಂಡೇಲಿಯಲ್ಲಿ ಸಂಸಾರ ಹೂಡಿದ್ದಾಳೆ. ಅಪ್ಪ ಕೂತ ಬಸ್ಸು ಪ್ರತಿ ಮಾಘದಲ್ಲೂ ಅವಳ ಓಣಿಯ ಮುಂದೆಯೇ ಹಾದುಹೋಗುತ್ತದೆ.