ಕಳೆದ ಪೆಟ್ಟಿಗೆಯೂ ಪರಿಗ್ರಹ ಪರಿಮಾಣವೂ

ವಸ್ತುವನ್ನು ಕಳೆದುಕೊಳ್ಳುವುದು ಬೇರೆ, ತ್ಯಜಿಸುವುದು ಬೇರೆ. ಎರಡರಲ್ಲಿಯೂ ಕೈ ಬರಿದಾಗುತ್ತದೆ. ಮನಸ್ಸು ಹಗುರಾಗುವುದು ಎರಡನೆಯದರಲ್ಲಿ ಮಾತ್ರ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುಗಳ ಸಂಖ್ಯೆಯನ್ನು ಹೇಳದೆ ಮೂರ್ಛೆಯನ್ನು, ಎಂದರೆ ‘ಇದು ನನ್ನದು’ ಎಂಬ ಮಮತ್ವವನ್ನು ಹೇಳಿರುವುದರ ಮರ್ಮವೂ ಇದೇ. ಹಾಗಾದರೆ, ತಾನಾಗಿ ಬಿಡದೆಯೇ ವಸ್ತುಗಳಿಂದ ಅಗಲಿದ ಗೃಹಸ್ಥನ ಧರ್ಮವೇನು?

ಉತ್ತರ ಬೆಂಗಳೂರಿನ ಮನೆಗಳಿಗೆ ಈ ಪ್ರಶ್ನೆ ದೂರದ್ದಲ್ಲ. 2008ರ ಮೇ 24ರಂದು ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನನಿಲ್ದಾಣವು ಕಾರ್ಯಾರಂಭ ಮಾಡಿದಂದಿನಿಂದ ಹೆಬ್ಬಾಳ, ಯಲಹಂಕಗಳನ್ನು ಹಾದುಹೋಗುವ ಹೆದ್ದಾರಿಯೇ ಪರದೇಶಕ್ಕೆ ಹೊರಟವರ ದಾರಿಯಾಗಿದೆ. ಆ ದಾರಿಯಲ್ಲಿ ಮಗಳನ್ನು ವ್ಯಾಸಂಗಕ್ಕಾಗಿ ಏಕಾಕಿಯಾಗಿ ಕಳುಹಿಸಿಕೊಡುವ ಒಂದು ಶ್ರಾವಕ ಕುಟುಂಬವನ್ನು ಊಹಿಸಿಕೊಳ್ಳೋಣ. ಮತ್ತೆ ಮತ್ತೆ ತೂಗಿ ತುಂಬಿದ ಪೆಟ್ಟಿಗೆಯಲ್ಲಿ ಉಣ್ಣೆಯ ಬಟ್ಟೆ, ಸಣ್ಣ ಕುಕ್ಕರು, ಚಟ್ನಿಪುಡಿ, ಅಜ್ಜಿ ಕೊಟ್ಟ ಜಪಮಾಲೆ ಇವೆ. ನಡುವೆ ವಿಮಾನ ಬದಲಿಸುವಲ್ಲಿ ಪೆಟ್ಟಿಗೆ ಹಿಂದುಳಿಯಿತು. ಹುಡುಗಿ ಮಾತ್ರ ಊರು ಸೇರಿದಳು. ದೂರು ಬರೆಸಿ, ಒಂದು ಸಂಖ್ಯೆಯ ಚೀಟಿ ಪಡೆದು ಹೊರಗೆ ಬಂದಳು. ಮೊದಲ ಮೂರು ದಿನ, ಧರಿಸಿದ್ದ ಬಟ್ಟೆಯನ್ನೇ ರಾತ್ರಿ ಒಗೆದು ಬೆಳಿಗ್ಗೆ ಧರಿಸಬೇಕು. ಅಂಗಡಿಯ ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಮಾಂಸ, ಮೊಟ್ಟೆ, ಈರುಳ್ಳಿ ಇಲ್ಲದ್ದನ್ನು ಹುಡುಕಬೇಕು. ಅದನ್ನೂ ಚಳಿಗಾಲದ ಬೇಗನೆ ಮುಳುಗುವ ಸೂರ್ಯನಿಗೆ ಮೊದಲು ಉಣ್ಣಬೇಕು.

ಇಂತಹ ದಿನಗಳು ಹೊಸವಲ್ಲ. 1888ರ ಸೆಪ್ಟೆಂಬರ್ ಕೊನೆಯಲ್ಲಿ ಹಡಗಿನಿಂದ ಇಂಗ್ಲೆಂಡಿನಲ್ಲಿಳಿದ ತರುಣ ಗಾಂಧಿಯವರು ತಮ್ಮ ಸಾಮಾನನ್ನೂ ಬೀಗದ ಕೈಗಳನ್ನೂ ಏಜೆಂಟರ ವಶಕ್ಕೆ ಒಪ್ಪಿಸಿದ್ದರು. ಮರುದಿನ ಭಾನುವಾರವಾದ್ದರಿಂದ ಅವು ಕೈಸೇರುವಂತಿರಲಿಲ್ಲ. ಸುತ್ತಲಿನ ಯಾರೂ ಧರಿಸದ ಬಿಳಿಯ ಉಡುಪಿನಲ್ಲಿ ಅವರು ನಾಚಿದ ಸಂಗತಿ ಅವರ ಆತ್ಮಕಥೆಯಲ್ಲಿದೆ. ಆದರೆ ಹೊರಡುವ ಮುನ್ನ ಬೇಚರ್ಜಿ ಸ್ವಾಮಿ ಎಂಬ ಜೈನ ಸಾಧುಗಳು ತಾಯಿಯ ಸಮ್ಮುಖದಲ್ಲಿ ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ವರ್ಜಿಸುವ ಪ್ರತಿಜ್ಞೆ ಮಾಡಿಸಿದ್ದರು. ಅದು ಯಾವ ಏಜೆಂಟನ ವಶದಲ್ಲಿಯೂ ಇರಲಿಲ್ಲ. ಹಸಿವಿನಲ್ಲಿಯೂ, ಮಿತ್ರರ ಒತ್ತಾಯದಲ್ಲಿಯೂ ಅವರು ಅದನ್ನು ಪಾಲಿಸಿದರು.

ಹಾಗೆಂದು, ಪೆಟ್ಟಿಗೆ ಕಳೆದವಳಿಗೆ ‘ಅಪರಿಗ್ರಹದ ಪಾಠವಾಯಿತು’ ಎಂದು ಉಪದೇಶಿಸುವುದು ಕರುಣೆಯಲ್ಲ. ಬಲವಂತದ ಅಭಾವವು ವ್ರತವಾಗಲಾರದು. ಚಳಿಗೆ ಕೋಟು ಬೇಕು, ಕೊಳ್ಳಬೇಕು, ರಸೀದಿಯನ್ನಿಟ್ಟುಕೊಂಡು ಆ ಹಣವನ್ನು ಸಂಕೋಚವಿಲ್ಲದೆ ಕೇಳಬೇಕು. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 2009ರಲ್ಲಿ ಸೇರಿತು. ಅದರಂತೆ, ತಡವಾದ ಸಾಮಾನಿನಿಂದಾದ ನಷ್ಟಕ್ಕೆ ವಿಮಾನ ಸಂಸ್ಥೆಯು ಹೊಣೆ. ನಷ್ಟವನ್ನು ತಡೆಯಲು ಸಾಧ್ಯವಾದ ಎಲ್ಲ ಕ್ರಮಗಳನ್ನೂ ಕೈಗೊಂಡಿದ್ದೆನೆಂದು ತೋರಿಸಿಕೊಟ್ಟರೆ ಮಾತ್ರ ಅದಕ್ಕೆ ವಿನಾಯಿತಿ. ಬರಬೇಕಾದ ದಿನದಿಂದ 21 ದಿನಗಳಾದರೂ ಬಾರದ ಸಾಮಾನನ್ನು ಕಳೆದುಹೋದುದೆಂದೇ ಪರಿಗಣಿಸಿ ಪರಿಹಾರ ಕೇಳಬಹುದು. ಸಾಮಾನಿಗೆ ಸಂಬಂಧಿಸಿದ ಈ ಹೊಣೆಯ ಮಿತಿಯು 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ, ಎಸ್‌ಡಿಆರ್ ಎಂಬ ಅಂತಾರಾಷ್ಟ್ರೀಯ ಮೌಲ್ಯಮಾನದಲ್ಲಿ, 1,519 ಆಗಿದೆ. ನ್ಯಾಯವಾದುದನ್ನು ಕೇಳುವುದು ಮೂರ್ಛೆಯಲ್ಲ.

ಗಮನಿಸಬೇಕಾದ ಮಾತೆಂದರೆ, ಅದು ಮಿತಿಯೇ ಹೊರತು ಎಲ್ಲರಿಗೂ ಸಲ್ಲುವ ಬೆಲೆಯಲ್ಲ. ಆಗಿರುವ ನಷ್ಟವೆಷ್ಟೋ ಅಷ್ಟೇ ಸಲ್ಲತಕ್ಕದ್ದು. ನಿಜವಾದ ಪರೀಕ್ಷೆ ಬರುವುದು ಇಲ್ಲಿಯೇ. ಪೆಟ್ಟಿಗೆಯಲ್ಲಿ ಏನೇನಿತ್ತೆಂಬ ಪಟ್ಟಿಯನ್ನು ಅವಳು ಬರೆದುಕೊಡಬೇಕು. ಕಂಡವರಾರೂ ಇಲ್ಲ. ‘ಮಿತಿಯವರೆಗೂ ತುಂಬಿಸಿ ಬರೆ, ಅವರಿಗೇನು ಕಡಿಮೆ?’ ಎನ್ನುವ ಹಿತೈಷಿಗಳು ಎಲ್ಲೆಡೆಯೂ ಇರುತ್ತಾರೆ. ಹತ್ತಿಯ ಅಂಗಿ ರೇಷ್ಮೆಯಾಗುತ್ತದೆ, ಹಳೆಯ ಪಾದರಕ್ಷೆ ಹೊಸದಾಗುತ್ತದೆ. ತಕ್ಕಡಿಯಲ್ಲಿ ತೂಗಿದ್ದಕ್ಕಿಂತ ಪೆಟ್ಟಿಗೆಯು ಕಳೆದ ಮೇಲೆ ಭಾರವಾಗುತ್ತದೆ.

ಇದಕ್ಕೊಂದು ಸಮರ್ಥನೆಯೂ ಉಂಟು. ಮೂರು ದಿನಗಳ ಅಳಲಿಗೆ, ಅಜ್ಜಿಯ ಜಪಮಾಲೆಗೆ ಪಟ್ಟಿಯಲ್ಲಿ ಬೆಲೆಯಿಲ್ಲ. ಆ ಕೊರತೆಯನ್ನು ಬೇರೆ ಸಾಲಿನಲ್ಲಿ ತುಂಬಿಕೊಂಡರೆ ದೋಷವೇನು ಎಂದು. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು, ದುಃಖವು ನಿಜವೇ. ಆದರೆ ಇಲ್ಲದ ರೇಷ್ಮೆಯ ಬೆಲೆ ಬಂದರೂ ಜಪಮಾಲೆ ಬಾರದು. ಇಲ್ಲದ್ದನ್ನು ಇತ್ತೆಂದು ಬರೆದುದು ಅಸತ್ಯ. ಅದರಿಂದ ಬಂದ ಹಣ ಅದತ್ತಾದಾನ. ಒಂದು ವಸ್ತುವಿನ ವಿಯೋಗವನ್ನು ಎರಡು ಅಣುವ್ರತಗಳ ಭಂಗದಿಂದ ತುಂಬಿಕೊಂಡಂತಾಯಿತು. ಸಂಕಟವನ್ನು ಹೇಳಬೇಕೆನಿಸಿದರೆ ಸಂಕಟವೆಂದೇ ಬರೆಯಲಿ; ಬಟ್ಟೆಯ ವೇಷ ತೊಡಿಸುವುದು ಬೇಡ.

ಗೃಹಸ್ಥನಿಗೆ ವಿಧಿಸಿದ ಪರಿಗ್ರಹ ಪರಿಮಾಣವು ಹೊಲ, ಮನೆ, ಧನ, ಧಾನ್ಯಗಳೊಂದಿಗೆ ಬಟ್ಟೆಬರೆಗಳನ್ನೊಳಗೊಂಡ ಕುಪ್ಯಕ್ಕೂ ಮಿತಿಯನ್ನು ಹೇಳುತ್ತದೆ. ತನ್ನಲ್ಲೇನಿದೆ ಎಂದರಿಯದವನು ಮಿತಿಯನ್ನು ಹಾಕಿಕೊಳ್ಳುವುದಾದರೂ ಹೇಗೆ? ಆದ್ದರಿಂದ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಪೆಟ್ಟಿಗೆಯನ್ನು ಮುಚ್ಚುವ ಮುನ್ನ ಅವರೊಡನೆ ಕುಳಿತು ಒಳಗಿರುವುದನ್ನೆಲ್ಲ ಬರೆಯಲಿ. ಬರೆಯುವಾಗಲೇ ಬೇಡವಾದುದು ಹೊರಗೆ ಬರುತ್ತದೆ. ಔಷಧಿ, ದಾಖಲೆ, ಜಪಮಾಲೆಗಳು ಕೈಚೀಲಕ್ಕೆ ಸೇರುತ್ತವೆ. ಮುಂದೆಂದಾದರೂ ಪೆಟ್ಟಿಗೆ ತಪ್ಪಿದರೆ, ಆಸೆಯ ಪಟ್ಟಿಯ ಬದಲು ಸತ್ಯದ ಪಟ್ಟಿಯೇ ಕೈಯಲ್ಲಿರುತ್ತದೆ. ಯಾರೂ ಪರೀಕ್ಷಿಸಲಾರದ ಆ ಹಾಳೆಯನ್ನು ಇದ್ದುದನ್ನು ಇದ್ದಂತೆ ತುಂಬಿದವಳು, ಅಪರಿಚಿತ ದೇಶದಲ್ಲಿ ಏಕಾಕಿಯಾಗಿದ್ದರೂ ಧರ್ಮದ ಆಸರೆಯನ್ನು ಕಳೆದುಕೊಂಡವಳಲ್ಲ.